ಬಿಕ್ಕಳಿಸುವ ಪೆಟ್ಟಿಗೆ

ಬಿಕ್ಕಳಿಕೆ ಬಂದವರ ಸುತ್ತ ಎರಡೇ ನಿಮಿಷದಲ್ಲಿ ಒಂದು ವೈದ್ಯಮಂಡಳಿ ನೆರೆಯುವುದನ್ನು ನೀವೂ ಕಂಡಿರುತ್ತೀರಿ. ಮೂಗು ಹಿಡಿದು ನೀರು ಕುಡಿಯಿರಿ ಎನ್ನುವವರು ಒಬ್ಬರಾದರೆ, ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ ಎನ್ನುವವರು ಇನ್ನೊಬ್ಬರು. ಏನೂ ತೋಚದ ಮೂರನೆಯವರು ಬೆನ್ನ ಹಿಂದಿನಿಂದ ಬಂದು ಹೆದರಿಸುತ್ತಾರೆ. ಮನೆಯ ಅಜ್ಜಿ ಮಾತ್ರ ಈ ಯಾವ ಚಿಕಿತ್ಸೆಯ ಗೊಡವೆಗೂ ಹೋಗದೆ, ಯಾರೋ ನೆನೆಸುತ್ತಿದ್ದಾರೆ ಎಂದು ಹೇಳಿ, ಒಂದು ಕ್ಷುಲ್ಲಕ ವ್ಯಾಧಿಯನ್ನು ಮಧುರವಾದ ಸಂಬಂಧವನ್ನಾಗಿ ಮಾಡಿಬಿಡುತ್ತಾಳೆ. ನಮ್ಮ ಭಾಷೆಯೂ ಅಜ್ಜಿಯಷ್ಟೇ ಜಾಣೆ. ತುತ್ತು ಗಂಟಲಿಗೆ ಸಿಕ್ಕಿದಾಗಿನ ಬಿಕ್ಕಿಗೂ ದುಃಖ ಉಕ್ಕಿದಾಗಿನ ಬಿಕ್ಕಿಗೂ ಅದು ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿಲ್ಲ.

ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೂ ಬಿಕ್ಕಳಿಕೆ ಬರುತ್ತದೆ ಎಂದರೆ ನೀವು ನಗಬಹುದು. ಟಿವಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಇಂದಿನ ಬಹುತೇಕ ಯಂತ್ರಗಳ ಹೊಟ್ಟೆಯಲ್ಲಿ ಎಸ್ಎಂಪಿಎಸ್ ಎಂಬ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಗೋಡೆಯಿಂದ ಬರುವ ಒರಟು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, ಸೋಸಿ, ಒಳಗಿನ ನಾಜೂಕು ಭಾಗಗಳಿಗೆ ಬೇಕಾದಷ್ಟೇ ತುತ್ತು ಮಾಡಿ ಉಣ್ಣಿಸುವುದು ಅದರ ಕೆಲಸ. ಎಲ್ಲಿಯೋ ಏನೋ ಕೆಟ್ಟಿದೆ ಎಂಬ ಸುಳಿವು ಹತ್ತಿದರೆ ಈ ಪೆಟ್ಟಿಗೆ ತಾನೇ ಆರಿಕೊಳ್ಳುತ್ತದೆ; ಅರೆಕ್ಷಣ ತಡೆದು, ಈಗ ಸರಿಹೋಗಿದೆಯೋ ಎಂದು ಮತ್ತೆ ಹೊತ್ತಿಕೊಳ್ಳಲು ನೋಡುತ್ತದೆ; ಆಗದೆ ಮತ್ತೆ ಆರುತ್ತದೆ. ಟಿಕ್, ಟಿಕ್, ಟಿಕ್ ಎಂದು ಒಂದೇ ಲಯದಲ್ಲಿ ಅದು ತನ್ನ ಸಂಕಟವನ್ನು ಹೇಳಿಕೊಳ್ಳುತ್ತಲೇ ಇರುತ್ತದೆ. ಕಸುಬಿನವರೂ ಅದನ್ನು ಬಿಕ್ಕಳಿಕೆ ಎಂದೇ ಕರೆಯುತ್ತಾರೆ.

ಈ ಬಿಕ್ಕಳಿಕೆಯ ವೈದ್ಯೆ ನಾನು. ಬೀದರ ನಗರದಲ್ಲಿ ಮನೆ, ಭಾಲ್ಕಿಯಲ್ಲಿ ನೌಕರಿ. ಅಲ್ಲಿನ ಒಂದು ತರಬೇತಿ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿ, ಈಗ ನಿವೃತ್ತಳಾಗಿ, ಕೆಟ್ಟ ಯಂತ್ರಗಳ ಬದಲು ಹಳೆಯ ನೆನಪುಗಳನ್ನು ಬಿಚ್ಚಿಕೊಂಡು ಕೂಡುವವಳು. ನಮ್ಮ ವೃತ್ತಿಯಲ್ಲಿ ದೋಷ ಹುಡುಕುವುದೇ ದೊಡ್ಡ ಗುಣ. ಆ ಗುಣ ನನ್ನಲ್ಲಿ ಎಷ್ಟು ಅತಿಯಾಗಿತ್ತೆಂದರೆ, ನೆಂಟರ ಮದುವೆಯೊಂದರಲ್ಲಿ ಧ್ವನಿವರ್ಧಕ ಗುಂಯ್‌ಗುಡುವುದಕ್ಕೆ ಕಾರಣ ಹುಡುಕುತ್ತ ಕುಳಿತು, ಮುಹೂರ್ತದ ಹೊತ್ತಿಗೆ ಗಾಬರಿಯಿಂದ ಎದ್ದು, ಕೈಯಲ್ಲಿದ್ದ ಅಕ್ಕಿಕಾಳನ್ನು ವಧೂವರರ ಬದಲು ಆಂಪ್ಲಿಫೈಯರಿನ ಮೇಲೆ ಹಾಕಿ ಬಂದಿದ್ದೆ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ, ಅದರ ಟಿಕ್‌ಟಿಕ್ ಕೇಳಿ, ಕೆಟ್ಟದ್ದು ಇಂಥ ಭಾಗವೇ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು. ಉಳಿದ ಎರಡನ್ನು ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಆ ಬರ ಬಂತು. ಒಂದು ವರ್ಷದ ಮಳೆ ಕೈಕೊಟ್ಟರೆ ಜನ ಮುಗಿಲಿಗೆ ಬೈಯುತ್ತಾರೆ. ಎರಡನೆಯ ವರ್ಷವೂ ಕೈಕೊಟ್ಟರೆ ಬೈಯುವುದನ್ನು ಬಿಟ್ಟು ಗಂಟು ಕಟ್ಟುತ್ತಾರೆ. ಔರಾದ ಕಡೆಯಿಂದ ಬರುವ ಬಸ್ಸುಗಳು ಬೀದರ ನಿಲ್ದಾಣದಲ್ಲಿ ಹಾಸಿಗೆ, ಬಕೆಟ್ಟು, ಕಾವಲಿ, ಮಕ್ಕಳು ಎಲ್ಲವನ್ನೂ ಇಳಿಸುತ್ತಿದ್ದವು; ಅದೇ ಸಾಮಾನು ಹೈದರಾಬಾದಿನ ಬಸ್ಸನ್ನು ಏರುತ್ತಿತ್ತು. ನಾನು ದಿನವೂ ಅದೇ ನಿಲ್ದಾಣದಿಂದ ಭಾಲ್ಕಿಯ ಬಸ್ಸು ಹತ್ತುವವಳು. ಆ ಗಂಟುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ತಡವಾಗುತ್ತಿದೆಯಲ್ಲ ಎಂದು ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಅಷ್ಟೇ ನನಗೆ ತಿಳಿದಿದ್ದ ಬರ.

ಅಂಥ ಒಂದು ಸೋಮವಾರ, ಮಧ್ಯಾಹ್ನದ ತರಗತಿ ಮುಗಿಸಿ ಹೊರಬಂದಾಗ, ಸಂಸ್ಥೆಯ ಬೇವಿನ ಗಿಡದ ಕೆಳಗೆ ಒಬ್ಬ ಹೆಂಗಸು ಹಳೆಯ ಸೀರೆಯ ತುಂಡಿನಲ್ಲಿ ಏನನ್ನೋ ಕಟ್ಟಿಕೊಂಡು ಮಡಿಲಲ್ಲಿಟ್ಟು ಕುಳಿತಿದ್ದರು. ಹಿಡಿದ ರೀತಿ ನೋಡಿದರೆ ಕೂಸೇ ಇರಬೇಕು ಎನ್ನಿಸುವಂತಿತ್ತು. ನನ್ನನ್ನು ಕಂಡು ಎದ್ದು ನಿಂತರು.

"ಗುರ್ತ ಹತ್ತಲಿಲ್ಲೇನ್ರಿ ಬಾಯಾರ? ನಾ ಕೌಸಲ್ಯಾಬಾಯಿರಿ. ಔರಾದದಾಗ ಮೂರು ದಿನ ನೀವು ಬಲ್ಬ್ ರಿಪೇರಿ ಕಲಿಸಿದ್ರಿ. ಎಲ್ಲಾರಕಿಂತ ಹೆಚ್ಚು ಕೈ ಸುಟಗೊಂಡಾಕಿ ನಾನ ಅದೀನಿ."

ಗುರುತು ಹತ್ತಿತು. ಎರಡು ವರ್ಷದ ಹಿಂದೆ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ನಡೆಸಿದ ಆ ಶಿಬಿರದಲ್ಲಿ, ಬೆಸುಗೆ ಹಾಕುವ ಕಾದ ಕಡ್ಡಿಯಿಂದ ಬೆರಳು ಸುಟ್ಟುಕೊಂಡರೂ ಬಿಡದೆ ಮತ್ತೆ ಮತ್ತೆ ಕೇಳಿ ಕಲಿತ, ನಲವತ್ತು ದಾಟಿದ ಹೆಂಗಸು. ಸಂತಪುರದಿಂದ ಸ್ವಲ್ಪ ಒಳಗೆ ಅವರ ಊರು. ಗಂಡ ಹೈದರಾಬಾದಿನಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ ಬಹಳ ವರ್ಷಗಳಾಗಿದ್ದವು. ಇವರು ಮಾತ್ರ ಊರು ಬಿಟ್ಟಿರಲಿಲ್ಲ. ಪಂಚಾಯಿತಿಯವರು ಊರಿಗೆ ಒಂದು ಶುದ್ಧ ನೀರಿನ ಯಂತ್ರ ಹಾಕಿಸಿ, ಅದರ ಚಾವಿ ಇವರ ಕೈಗೆ ಕೊಟ್ಟಿದ್ದರು. ಅಲ್ಲಿನ ಬೋರಿನ ನೀರು ಬರೀ ಸವಳು. ಯಂತ್ರದಲ್ಲಿ ಹಾಯ್ದು ಬಂದರೆ ಮಾತ್ರ ಕುಡಿಯಲು ಬರುವಂಥದ್ದು.

ಸೀರೆಯ ಗಂಟು ಬಿಚ್ಚಿದರೆ ಊಟದ ಡಬ್ಬಿಯಷ್ಟು ದೊಡ್ಡ, ತೂತು ತೂತಿನ ತಗಡಿನ ಪೆಟ್ಟಿಗೆ. ಯಂತ್ರದ ಎಸ್ಎಂಪಿಎಸ್. ಅದು ಸತ್ತರೆ ಪಂಪು, ವಾಲ್ವು, ಎಲ್ಲವೂ ಸತ್ತಂತೆ.

"ದೀಪ ಹತ್ತತದ, ಆರತದ. ಹತ್ತತದ, ಆರತದ. ಬಿಕ್ಕಳಿಕಿ ಹತ್ತಿದಂಗ ಮಾಡ್ತದರಿ," ಎಂದರು ಕೌಸಲ್ಯಾಬಾಯಿ. "ಕಂಪನಿ ಮಂದಿಗಿ ಫೋನ್ ಹಚ್ಚಿದೆ. ತಿಂಗಳೊಪ್ಪತ್ತಿಗಿ ಬರ್ತೇವಿ ಅಂತಾರ. ಅದಕ್ಕ ನಾನ ಬಿಚ್ಚಿ ತಂದೀನಿ."

ಪುಸ್ತಕ ಓದದ ಒಬ್ಬ ಹೆಂಗಸು ನಮ್ಮ ಪುಸ್ತಕದ ಪದವನ್ನೇ ತಾನಾಗಿ ಕಂಡುಕೊಂಡಿದ್ದು ಕೇಳಿ ನನಗೆ ರೋಮಾಂಚನವಾಯಿತು. ಈಗ ಯೋಚಿಸಿದರೆ, ನನ್ನ ಗಮನವೆಲ್ಲ ಆ ಪದದ ಮೇಲೆ ಹೋಯಿತೇ ಹೊರತು, ಮೂರು ತಾಸು ಬಿಸಿಲಲ್ಲಿ, ಬೀದರಿನಲ್ಲಿ ಬಸ್ಸು ಬದಲಿಸಿಕೊಂಡು, ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದ ಹೆಂಗಸಿನ ಮೇಲಲ್ಲ. ಮೇಜಿನ ಮೇಲೆ ಇಟ್ಟು ಕರೆಂಟು ಕೊಟ್ಟೆ. ಟಿಕ್, ಟಿಕ್, ಟಿಕ್. ಶುಭ್ರವಾದ, ಪಠ್ಯಪುಸ್ತಕಕ್ಕೆ ಹಾಕಬಹುದಾದಂಥ ಬಿಕ್ಕಳಿಕೆ.

"ಇಂಥಾದ್ದು ಹೊಸದು ಸಿಗತದೇನ್ರಿ ಬಾಯಾರ? ಪಂಚಾಯಿತಿಯವರು ತಗೋರಿ ಅಂದಾರ," ಎಂದು ಅವರು ಕೇಳಿದರು.

ಬೀದರ ಬಸ್ ನಿಲ್ದಾಣದ ಎದುರಿನ ಅಂಗಡಿಯೊಂದರಲ್ಲಿ ಅಂಥವು ಸಾಲಾಗಿ ಇರುತ್ತಿದ್ದವು. ನನಗೆ ಗೊತ್ತಿತ್ತು. ಆದರೆ ಹೊಸದನ್ನು ಕೊಂಡು ಹಚ್ಚುವುದರಲ್ಲಿ ವೈದ್ಯೆಯ ಕೌಶಲವೇನು ಬಂತು? ಆ ಲಯಬದ್ಧ ಟಿಕ್‌ಟಿಕ್ ನನ್ನನ್ನು ಕೈಬೀಸಿ ಕರೆಯುತ್ತಿತ್ತು.

"ಇಲ್ಲಿ ಸಿಗೂದು ಕಷ್ಟ," ಎಂದೆ. "ಇಟ್ಟು ಹೋಗ್ರಿ. ಇದನ್ನೇ ಎಬ್ಬಿಸಿ ಕೊಡ್ತೇನಿ."

ಸುಳ್ಳು ಬಹಳ ಸಣ್ಣದು. ಹೇಳುವಾಗ ನಾಲಗೆಗೆ ತಗುಲಲೂ ಇಲ್ಲ.

"ನಿಮ್ಮ ಫುರಸತ್ತಿನ್ಯಾಗ ಮಾಡ್ರಿ. ಅವಸರ ಏನಿಲ್ಲರಿ," ಎಂದು ಹೇಳಿ ಕೌಸಲ್ಯಾಬಾಯಿ ಬಸ್ಸಿಗೆ ಹೋದರು. ನಮ್ಮ ಕಡೆಯ ಜನ ಮನೆಗೆ ಬೆಂಕಿ ಹತ್ತಿದಾಗಲೂ ಒಂದು ಕೊಡ ನೀರು ಕೇಳುವ ಮೊದಲು ಊಟ ಆಯಿತೇನ್ರಿ ಎಂದು ವಿಚಾರಿಸುತ್ತಾರೆ. ಅದೇ ಮಣ್ಣಿನಲ್ಲಿ ಹುಟ್ಟಿದ ನಾನು ಆ ಮಾತಿನ ಅರ್ಥವನ್ನು ತಿಳಿಯಬೇಕಾಗಿತ್ತು. ಅವಸರ ಇಲ್ಲ ಎಂದದ್ದನ್ನು ಅವಸರ ಇಲ್ಲ ಎಂದೇ ಓದಿಕೊಂಡೆ.

ಮರುದಿನ ಚಿಕಿತ್ಸೆ ಶುರುವಾಯಿತು. ಇಂಥ ಪೆಟ್ಟಿಗೆಯನ್ನು ನೇರವಾಗಿ ಕರೆಂಟಿಗೆ ಹಚ್ಚಬಾರದು, ನಡುವೆ ಒಂದು ಹಳೆಯ ಕಾಲದ ಬಲ್ಬನ್ನು ಸೇರಿಸಬೇಕು. ಒಳಗೆ ಎಲ್ಲಾದರೂ ತಂತಿಗೆ ತಂತಿ ತಾಗಿದ್ದರೆ ಬಲ್ಬು ಪೂರ್ತಿ ಉರಿದು ಎಚ್ಚರಿಸುತ್ತದೆ. ನನ್ನ ಬಲ್ಬು ಒಮ್ಮೆ ಮಿನುಗಿ ತಣ್ಣಗಾಯಿತು. ಅಂದರೆ ಫ್ಯೂಸು ಸರಿ, ಕರೆಂಟು ಒಳಗೆ ಬರುವ ಬಾಗಿಲು ಸರಿ, ರೋಗ ಒಳಮನೆಯಲ್ಲಿದೆ. ಮೀಟರು ಹಿಡಿದು ಹೆಜ್ಜೆ ಹೆಜ್ಜೆ ಹಿಂಬಾಲಿಸಿ ಒಂದು ಸಣ್ಣ ಕೆಪಾಸಿಟರಿನ ಮೇಲೆ ಬೆರಳಿಟ್ಟೆ. ಕರೆಂಟನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ, ಹೆಬ್ಬೆರಳ ಉಗುರಿನಷ್ಟು ಡಬ್ಬಿ ಅದು. ಹೊಟ್ಟೆಯಲ್ಲಿ ಒಂದಿಷ್ಟು ದ್ರವ ಇರುತ್ತದೆ. ತಗಡಿನ ಕೋಣೆಯ ಸೆಕೆಯಲ್ಲಿ ವರ್ಷಗಟ್ಟಲೆ ಬೆಂದರೆ ಅದು ಆರಿಹೋಗುತ್ತದೆ. ಬದಲಾಯಿಸಿದೆ. ಹಸಿರು ದೀಪ ಅಲುಗದೆ ನಿಂತಿತು.

ಅಲ್ಲಿಗೆ ನಿಂತಿದ್ದರೆ ಮೊದಲ ದಿನವೇ ನಾನು ಗೆದ್ದಿರುತ್ತಿದ್ದೆ. ಆದರೆ ಭಾರ ಹಾಕಿ ನೋಡಿದಾಗ, ಅಂದರೆ ಯಂತ್ರ ಎಳೆಯುವಷ್ಟು ಕರೆಂಟನ್ನು ಎಳೆದಾಗ, ಮತ್ತೆ ಟಿಕ್‌ಟಿಕ್. ಖಾಲಿ ಕೈಯಲ್ಲಿ ಧೀರನಾಗಿದ್ದವನು ಹೊರೆ ಹೊರಿಸಿದ ಕೂಡಲೇ ಕುಸಿದಂತೆ. ಕರೆಂಟು ಹೊರಗೆ ಹೋಗುವ ಬಾಗಿಲಿನ ಎರಡು ಕೆಪಾಸಿಟರುಗಳೂ ಆರಿದ್ದವು, ಅವನ್ನೂ ಬದಲಿಸಿದೆ. ಆಗ ಹತ್ತು ನಿಮಿಷ ಸರಿಯಾಗಿ ನಡೆದು, ಕಾದ ಮೇಲೆ ಮತ್ತೆ ಬಿಕ್ಕಳಿಸಿತು. ಈಗ ನನಗೆ ಹುರುಪು ಬಂತು. ಸುಲಭಕ್ಕೆ ಸಿಕ್ಕಿಬೀಳದ ದೋಷವೆಂದರೆ ನಮ್ಮಂಥವರಿಗೆ ಪತ್ತೇದಾರಿ ಕಥೆಯ ಕಳ್ಳನಿದ್ದಂತೆ. ಅವನ ಮೇಲೆ ಸಿಟ್ಟಿಗಿಂತ ಒಂದು ಬಗೆಯ ಮೋಹವೇ ಹೆಚ್ಚು. ಪೆಟ್ಟಿಗೆಯನ್ನು ತರಗತಿಗೆ ಒಯ್ದೆ. ಎರಡು ಪೂರ್ತಿ ದಿನ ಅದನ್ನು ಮೇಜಿನ ಮೇಲೆ ಬಿಕ್ಕಳಿಸಲು ಬಿಟ್ಟು ಪಾಠ ಮಾಡಿದೆ. ದೋಷ ಹುಡುಕುವುದು ಎಂದರೆ ದೂಷಿಸುವುದಲ್ಲ, ಕಾರಣಕ್ಕೂ ಕಾರ್ಯಕ್ಕೂ ನಡುವಿನ ದಾರಿಯನ್ನು ತಾಳ್ಮೆಯಿಂದ ನಡೆಯುವುದು ಎಂದೆಲ್ಲ ಹೇಳಿ, ಕೊನೆಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ, ಆದರೆ ಕಾದಾಗ ಮಾತ್ರ ಹಿಂದಕ್ಕೂ ಸೋರುವ ಒಂದು ಡಯೋಡಿನತ್ತ ಕಡ್ಡಿ ತೋರಿಸಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನನಗೆ ರುಚಿಸಿತು.

ಅಂಥದ್ದೇ ಡಯೋಡು ಹೈದರಾಬಾದಿನಿಂದ ಬರಬೇಕಾಗಿತ್ತು. ತರಿಸಿದೆ. ನಡುವೆ ಪರೀಕ್ಷೆಯ ಮೇಲ್ವಿಚಾರಣೆ, ಒಂದು ಭಾನುವಾರ, ಒಂದು ಹಬ್ಬದ ರಜೆ. ಕೌಸಲ್ಯಾಬಾಯಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಮೊದಲು ನನ್ನ ಆರೋಗ್ಯ, ಆಮೇಲೆ ಬಿಸಿಲು, ಆಮೇಲೆ ಮೆಲ್ಲಗೆ ಪೆಟ್ಟಿಗೆ.

"ಹ್ಯಾಂಗದರಿ ನಮ್ಮ ಪೇಶೆಂಟು?"

"ಸುಧಾರಿಸ್ಲಿಕ್ಕತ್ಯಾದ ಕೌಸಲ್ಯಾಬಾಯಿ. ಇನ್ನೊಂದೆರಡು ದಿನ."

"ಆತು ಬಾಯಾರ. ಆರಾಮ ಮಾಡ್ರಿ."

ಒಂದು ಸಲ ಮಾತ್ರ, ಒಂಬತ್ತನೆಯ ದಿನವಿರಬೇಕು, ಫೋನು ಇಡುವ ಮೊದಲು ತಡೆದರು. ಓಣಿಯ ಎದುರು ಮನೆಯ ನಾಗಮ್ಮ, ಇವರ ಸಣ್ಣಂದಿನ ಗೆಳತಿ, ಅಂದು ಬೆಳಿಗ್ಗೆ ಮಗ ಸೊಸೆಯ ಜೊತೆ ಹೈದರಾಬಾದಿಗೆ ಹೋದಳಂತೆ. "ಮಶೀನ ಚಾಲೂ ಆಗೋ ತನಕ ತಡಿ ಅಂದಿದ್ದೆರಿ. ಎಂಟು ದಿನ ತಡದಳು ಪಾಪ," ಎಂದರು. ಅಯ್ಯೋ ಹೌದೇ ಎಂದು ನಾನು ಹೇಳಿದೆ. ಹೇಳಿ, ಆ ದಿನವೇ ಬಂದಿದ್ದ ಡಯೋಡಿನ ಕಾಲುಗಳನ್ನು ಹಸನು ಮಾಡಲು ಕುಳಿತೆ.

ಹನ್ನೆರಡನೆಯ ದಿನಕ್ಕೆ ಪೆಟ್ಟಿಗೆ ಪೂರ್ತಿ ಗುಣವಾಯಿತು. ಒಂದು ಇಡೀ ದಿನ ಭಾರ ಹೊತ್ತು ನಡೆದರೂ ಬಿಕ್ಕಲಿಲ್ಲ. ನಾನೇ ಒಯ್ದು ಜೋಡಿಸಿ ಬರುತ್ತೇನೆ ಎಂದು ಮರುದಿನ ಬೆಳಿಗ್ಗೆ ಔರಾದ ಬಸ್ಸು ಹತ್ತಿದೆ. ಸೇವಾಭಾವ ಎಂದುಕೊಂಡಿರಾ? ಹಸಿರು ದೀಪ ಹೊತ್ತಿದಾಗ ಅಲ್ಲಿನ ಜನರ ಮುಖ ನೋಡಬೇಕೆಂಬ ಆಸೆ. ಮಾಂಜ್ರಾ ದಾಟುವಾಗ ಬಸ್ಸಿನ ಕಿಟಕಿಯಿಂದ ಇಣುಕಿದರೆ ಕೆಳಗೆ ನದಿ ಇರಲಿಲ್ಲ; ನದಿ ಹರಿಯುವ ಜಾಗ ಮಾತ್ರ ಇತ್ತು. ಬೀದರಿನಿಂದ ನಾನು ಬಂದ ಬಸ್ಸು ಅರ್ಧಕ್ಕರ್ಧ ಖಾಲಿ, ಎದುರಿಗೆ ಬರುವ ಬಸ್ಸುಗಳ ಟಾಪಿನ ಮೇಲೂ ಗಂಟುಗಳು.

ಸಂತಪುರದಲ್ಲಿ ಕೌಸಲ್ಯಾಬಾಯಿ ಕಾಯುತ್ತಿದ್ದರು. ಆಟೋದಲ್ಲಿ ಅವರ ಊರು ತಲುಪಿದೆವು. ಓಣಿಯಲ್ಲಿ ಹತ್ತು ಮನೆಗೆ ಏಳಕ್ಕೆ ಬೀಗ. ನೀರಿನ ಕೋಣೆ ಮಾತ್ರ ಸಾರಿಸಿ ಗುಡಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು, ನೆಂಟರು ಬರುವ ಮನೆಯ ಹಾಗಿತ್ತು. ಮಶೀನು ಇಂದು ಚಾಲೂ ಆಗುತ್ತದೆ ಎಂದು ಅವರು ಊರಿಗೆ ಹೇಳಿಬಿಟ್ಟಿದ್ದರು. ಉಳಿದ ಮಂದಿ, ಹದಿನೈದು ಇಪ್ಪತ್ತು ಜನ, ಕೊಡ ಕ್ಯಾನು ಹಿಡಿದು ಗೋಡೆಯ ನೆರಳಿಗೆ ನಿಂತಿದ್ದರು.

ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂಡಿಸಿ ತಂತಿಗಳನ್ನು ಬಿಗಿದೆ. ಸ್ವಿಚ್ಚು ಒತ್ತುವ ಗೌರವವನ್ನು ಕೌಸಲ್ಯಾಬಾಯಿಗೇ ಬಿಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಒತ್ತಿದರು. ಹಸಿರು ದೀಪ ಹೊತ್ತಿತು, ನಿಂತಿತು. ಟಕ್ ಎಂದು ಒಳಗಿನ ಸ್ವಿಚ್ಚು ಕಚ್ಚಿಕೊಂಡಿತು, ಪಂಪು ಗುಡುಗಿತು. ಹೊರಗೆ ನಿಂತವರಲ್ಲಿ ಯಾರೋ ಭಲೇ ಎಂದರು. ನನ್ನ ಮುಖ ಆಗ ಹೇಗಿತ್ತೋ ನಾನು ನೋಡಿಲ್ಲ, ನೋಡದಿದ್ದುದೇ ಒಳ್ಳೆಯದಾಯಿತು.

ನಳದಿಂದ ಮೊದಲು ಗಾಳಿ ಬಂತು. ಆಮೇಲೆ ಒಂದು ಬೊಗಸೆಯಷ್ಟು ರಾಡಿ. ಆಮೇಲೆ ಪಂಪಿನ ದನಿ ಬದಲಾಗಿ, ಒಣ ಗಂಟಲಿನಿಂದ ಕೂಗಿದಂತಾಗಿ, ಯಂತ್ರ ತಾನೇ ನಿಂತುಹೋಯಿತು.

ನಾನು ಮೀಟರು ತೆಗೆದೆ. ಪೆಟ್ಟಿಗೆಯನ್ನೇ ಪರೀಕ್ಷಿಸಿದೆ, ಇಪ್ಪತ್ನಾಲ್ಕು ವೋಲ್ಟು, ಕೂದಲೆಳೆಯಷ್ಟೂ ಅಲುಗಾಟವಿಲ್ಲ. ತಂತಿಗಳನ್ನು ಬಿಚ್ಚಿ ಮತ್ತೆ ಬಿಗಿದೆ. ವಾಲ್ವು ನೋಡಿದೆ. ಮತ್ತೆ ಪೆಟ್ಟಿಗೆ ನೋಡಿದೆ. ಅರ್ಧ ತಾಸು ಹೀಗೆ ದೋಷವಿಲ್ಲದ ಕಡೆ ದೋಷ ಹುಡುಕುತ್ತ ಬೆವರುತ್ತಿದ್ದಾಗ, ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದ ಒಬ್ಬ ಮುದುಕ ಬಹಳ ಮೆತ್ತಗೆ, ನನಗೆ ನೋವಾಗಬಾರದು ಎಂಬಂತೆ, ಹೇಳಿದ:

"ಬಾಯಾರ, ನಿಮ್ಮ ಮಶೀನ ಬರೋಬ್ಬರಿ ಅದರಿ. ಬೋರಿನ್ಯಾಗ ನೀರ ಇಲ್ಲ."

ಅವನೇ ಮುಂದುವರಿಸಿದ. "ಮಶೀನ ಬಂದ್ ಬಿದ್ದಾಗ ಭರಪೂರ ಇತ್ತರಿ. ಹೋದ ಮಂಗಳವಾರ ತನಕ ಬಾಜೂದ ಕೈಪಂಪಿನ್ಯಾಗೂ ಬರ್ತಿತ್ತು. ಆಮೇಲೆ ನಿಂತು ಬಿಡ್ತು."

ಮಂಗಳವಾರವೆಂದರೆ ಐದು ದಿನದ ಹಿಂದೆ. ಲೆಕ್ಕ ಹಾಕಲು ನನಗೆ ಪೆನ್ನು ಬೇಕಾಗಲಿಲ್ಲ. ಪೆಟ್ಟಿಗೆ ನನ್ನ ಕೈ ಸೇರಿದ ಮೇಲೂ ಎಂಟು ದಿನ ನೆಲದ ಕೆಳಗೆ ನೀರಿತ್ತು. ನಾನು ಚಪ್ಪಾಳೆ ತಟ್ಟಿಸಿಕೊಂಡ ಎರಡು ದಿನವೂ ಇತ್ತು. ನಾಗಮ್ಮ ಕಾದ ಎಂಟು ದಿನವೂ ಇತ್ತು. ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ಹೊಸದೊಂದು ಪೆಟ್ಟಿಗೆ ಮರುದಿನವೇ ಇಲ್ಲಿಗೆ ಬಂದಿದ್ದರೆ, ಈ ಜನ ಒಂದು ವಾರ ಸಿಹಿನೀರು ಕುಡಿದಿರುತ್ತಿದ್ದರು. ಒಂದು ವಾರ ಎಂದರೆ ದೊಡ್ಡದೇನಲ್ಲ ಎಂದು ಬೀದರಿನಲ್ಲಿ ಕುಳಿತು ಹೇಳಬಹುದು. ಆ ಗೋಡೆಯ ನೆರಳಿನಲ್ಲಿ ನಿಂತು ಹೇಳಲು ಬರುವುದಿಲ್ಲ.

ಜನ ಖಾಲಿ ಕೊಡ ಎತ್ತಿಕೊಂಡು ಸವಳು ಬಾವಿಯ ಕಡೆ ನಡೆದರು. ಕೌಸಲ್ಯಾಬಾಯಿ ಯಂತ್ರದ ಸ್ವಿಚ್ಚು ತೆಗೆದು, ಹಸಿರು ದೀಪ ಆರಿದ್ದನ್ನು ನೋಡಿ, "ನೀವು ಬಿಸಲಾಗ ಬಂದೀರಿ. ಊಟ ಮಾಡಿ ಹೋಗ್ರಿ ಬಾಯಾರ," ಎಂದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಲೋಟದಲ್ಲಿ ನೀರಿಟ್ಟರು. ಅದು ಟ್ಯಾಂಕರಿನ ನೀರು, ಮನೆಯಲ್ಲಿದ್ದದ್ದೇ ಎರಡು ಕೊಡ ಎಂದು ನನಗೆ ಕಾಣುತ್ತಿತ್ತು. ಕುಡಿಯದಿದ್ದರೆ ಅವರಿಗೆ ಅವಮಾನ, ಕುಡಿದರೆ ನನಗೆ. ಕುಡಿದೆ. ಅಂಗಡಿಯ ವಿಷಯ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಪಲ್ಯ ಚೆನ್ನಾಗಿದೆ ಎಂದೆ.

ಮೂರು ವಾರ ಕಳೆದ ಮೇಲೆ ಅವರ ಫೋನು ಬಂತು. ನಾಳೆ ತಾನೂ ಹೈದರಾಬಾದಿಗೆ ಗಂಡನ ಕಡೆ ಹೋಗುತ್ತೇನೆ, ಬೀದರಿನಲ್ಲಿ ಬಸ್ಸು ಬದಲಿಸುತ್ತೇನೆ, ಹೇಳದೆ ಹೋಗಬಾರದು ಎಂದು ಫೋನು ಮಾಡಿದೆ ಎಂದರು. ಮರುದಿನ ನಾನು ಭಾಲ್ಕಿಗೆ ಹೋಗಲಿಲ್ಲ. ಬೆಳಿಗ್ಗೆಯೇ ನಿಲ್ದಾಣಕ್ಕೆ ಹೋಗಿ, ವರ್ಷಾನುಗಟ್ಟಲೆ ಬದಿಗೆ ಸರಿಸುತ್ತ ಬಂದಿದ್ದ ಆ ಗಂಟುಗಳ ನಡುವೆ ಮೊದಲ ಬಾರಿಗೆ ಕುಳಿತೆ.

ಅವರ ಸಾಮಾನು ಹೆಚ್ಚಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಆದರೆ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ದಾರದಲ್ಲಿ ಚಾವಿಗಳ ದೊಡ್ಡ ಗೊಂಚಲು. ಇಷ್ಟೊಂದು ಯಾವುವು ಎಂದು ಕೇಳಿದೆ.

"ಓಣಿ ಮಂದಿವರಿ. ಹೋಗುವಾಗ ಎಲ್ಲಾರೂ ನನ್ನ ಕೈಯಾಗ ಕೊಟ್ಟು ಹೋಗ್ಯಾರ. ಈಕಿ ಹ್ಯಾಂಗೂ ಊರು ಬಿಡಾಕಿ ಅಲ್ಲ ಅಂತ."

"ಈಗ ನೀವೂ ಹೊಂಟೀರಿ. ಇವನ್ನ ಯಾರ ಕಡೆ ಕೊಡ್ತೀರಿ?"

"ಕೊಡಲಿಕ್ಕ ಯಾರದಾರ್ರಿ? ಚಾವಿ ಕೊಟ್ಟ ಮಂದಿ ಎಲ್ಲಾ ಹೈದರಾಬಾದದಾಗ ಅದಾರ. ಯಾರು ಕೇಳ್ತಾರ ಅವರಿಗೆ ಅಲ್ಲೇ ಕೊಡ್ತೇನಿ."

ಗೊಂಚಲಿನಲ್ಲಿ ಒಂದಕ್ಕೆ ಮಾತ್ರ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಅವರು ನೋಡಿದರು.

"ಇದು ನಾಗಮ್ಮಂದರಿ. ಮೊನ್ನೆ ಆಕಿ ಹೋಗಿಬಿಟ್ಟಳು. ಕೆಲಸದ ಜಾಗಾದಾಗ ಬಿಸಲಿಗೆ ಬಿದ್ದಳಂತ, ದವಾಖಾನಿಗಿ ಒಯ್ಯೂದ್ರಾಗ..." ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೆರಗು ಇಳಿಸಿ, ನಾನು ಏನೂ ಕೇಳದಿದ್ದರೂ, "ಮೊದಲಿಂದ ಬ್ಯಾನಿ ಇತ್ತರಿ ಆಕಿಗಿ," ಎಂದರು. ನನಗೆ ಸಮಾಧಾನವಾಗಲಿ ಎಂದೇ ಆ ಮಾತನ್ನು ಸೇರಿಸಿದರು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

ಆಗ ಹೇಳಿದೆ. ಎದುರಿನ ಅಂಗಡಿಯತ್ತ ಕೈ ಮಾಡಿ, "ಕೌಸಲ್ಯಾಬಾಯಿ, ಹೊಸ ಪೆಟ್ಟಿಗಿ ಅಲ್ಲಿ ಸಿಗತಿತ್ತು. ಅವತ್ತ ನಿಮಗ ಸುಳ್ಳು ಹೇಳಿದೆ," ಎಂದೆ. ಸಿಟ್ಟಾಗಲಿ, ಅಳಲಿ, ಬೈಯಲಿ ಎಂದು ಕಾದೆ. ಅವರು ಆ ಅಂಗಡಿಯನ್ನು ತಿರುಗಿಯೂ ನೋಡಲಿಲ್ಲ.

"ಗೊತ್ತರಿ ನನಗ. ಅವತ್ತ ಸಂಜಿ ಮುಂದ ಇಲ್ಲೇ ಬಸ್ಸಿಗಿ ನಿಂತಾಗ ನೋಡಿದೆ. ನಮ್ಮದರಂಥಾವ ಸಾಲ ಹಚ್ಚಿ ಇಟ್ಟಾರ."

"ಮತ್ತ ತಗೊಂಡು ಹೋಗಬೇಕಿಲ್ಲ? ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ ಬಾಯಾರ? ಎಬ್ಬಿಸಿ ಕೊಡ್ತೇನಿ ಅಂತ ಅಷ್ಟು ಜೀವ ಹಚ್ಚಿ ಅಂದಿದ್ರಿ. ಕಲಿಸಿದಾಕಿ ಮಾತು ತಗದು ಹಾಕಿ ಹೊಸದು ತಗೊಂಡು ಹೋದ್ರ ನಿಮಗ ಹ್ಯಾಂಗ ಅನಸ್ತಿತ್ತು?"

ನಾನು ನನ್ನ ಜಾಣತನವನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದೆ. ಅವರು ನನ್ನ ಮರ್ಯಾದೆಯನ್ನು ಉಳಿಸಲು ಸತ್ಯವನ್ನು ನುಂಗಿದ್ದರು. ಹನ್ನೆರಡು ದಿನ ಫೋನಿನ ಎರಡು ತುದಿಯಲ್ಲಿ ಇಬ್ಬರಿಗೂ ಒಂದೇ ವಿಷಯ ಗೊತ್ತಿತ್ತು, ಇಬ್ಬರೂ ಆರೋಗ್ಯ ವಿಚಾರಿಸಿಕೊಂಡೆವು. ಯಾವ ಮೀಟರೂ ತೋರಿಸದ ದೋಷ ಇದು. ನಾನು ಇದನ್ನು ಆಮೇಲೆ ತರಗತಿಯಲ್ಲಿ ಪಾಠವಾಗಿ ಹೇಳಲು ಒಮ್ಮೆ ಪ್ರಯತ್ನಿಸಿದೆ. ಕೆಟ್ಟ ಪೆಟ್ಟಿಗೆ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು ಇದಕ್ಕೆ ಏನಾಗಿದೆ ಎಂದಲ್ಲ, ಇದಕ್ಕಾಗಿ ಯಾರು ಕಾಯುತ್ತಿದ್ದಾರೆ ಎಂದು. ಅರ್ಧಕ್ಕೇ ಬಿಟ್ಟೆ. ಹಲಗೆಯತ್ತ ತಿರುಗಿ, ಬರೆದದ್ದನ್ನೇ ಮತ್ತೆ ಬರೆದೆ.

ಹೈದರಾಬಾದಿನ ಬಸ್ಸು ಬಂತು. ಟ್ರಂಕನ್ನು ನಾನೇ ಒಂದು ಕಡೆ ಹಿಡಿದು ಏರಿಸಿದೆ. ಕಿಟಕಿಯಿಂದ ಅವರು, "ಮೈ ಕಡೆ ನೋಡಿಕೋರಿ ಬಾಯಾರ. ಭಾಳ ಬಿಸಲದ," ಎಂದರು.

ಮರುವರ್ಷ ಮಳೆಯಾಯಿತು. ಧಾರಾಳವಾಗಿ, ಏನೂ ಆಗಿಯೇ ಇರಲಿಲ್ಲ ಎಂಬಂತೆ ಆಯಿತು. ಚಳಿಗಾಲದಲ್ಲಿ ನಾನು ಆ ಊರಿಗೆ ಹೋಗಿ ಬಂದೆ. ಬೋರು ತುಂಬಿತ್ತು, ಯಂತ್ರದ ಚಾವಿ ಬೇರೆ ಹೆಂಗಸಿನ ಕೈಯಲ್ಲಿತ್ತು, ನಳದಿಂದ ನೀರು ದಾರದಂತೆ ಇಳಿಯುತ್ತಿತ್ತು. ಹೊಲದಲ್ಲಿ ತೊಗರಿ ಹೂ ಬಿಟ್ಟಿತ್ತು. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ತಿರುಗಿ ಬಂದು ಕೌಸಲ್ಯಾಬಾಯಿಗೆ ಫೋನು ಮಾಡಿದೆ. ಅವರು ಆರೋಗ್ಯ ವಿಚಾರಿಸಲಿಲ್ಲ. ನೇರವಾಗಿ ಕೇಳಿದರು.

"ಯಾರ್ಯಾರ ಮನಿ ತೆಗದದ, ಹೇಳ್ರಿ."

ನಾನು ಕಂಡ ಬಾಗಿಲುಗಳನ್ನು ಒಂದೊಂದಾಗಿ ಹೇಳಿದೆ. ಹೆಸರು ಗೊತ್ತಿಲ್ಲದ ಮನೆಗಳಿಗೆ ಗುರುತು ಹೇಳಿದೆ, ನೀಲಿ ಬಾಗಿಲಿನದು, ಮುಂದೆ ನುಗ್ಗೆಗಿಡ ಇರುವುದು, ಮೂಲೆಯ ಕಟ್ಟೆಯದು. ಅವರು ಪ್ರತಿಯೊಂದಕ್ಕೂ ಹ್ಞಾಂ ಎನ್ನುತ್ತಿದ್ದರು. ಫೋನಿನಲ್ಲಿ ಚಾವಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.

"ಬರೋಬ್ಬರಿ. ಅವರೆಲ್ಲಾ ನನ್ನ ಕಡಿಂದ ಇಸಗೊಂಡು ಹೋಗ್ಯಾರ," ಎಂದರು ಕೊನೆಗೆ. "ಇನ್ನ ಎರಡೇ ಉಳದಾವರಿ ನನ್ನ ಹಂತ್ಯಾಕ. ಒಂದು ನಾಗಮ್ಮಂದು."

ಇನ್ನೊಂದು ಯಾರದೆಂದು ನಾನು ಕೇಳಲಿಲ್ಲ. ಬೀಗ ಹಾಕಿದ ಅವರದೇ ಬಾಗಿಲ ಮುಂದೆ ನಾನು ನಿಂತಿದ್ದೆ.